ಗಾಜಿನ ಪಟ್ಟಿ

ಮೂರನೆಯ ದಿನ ಬಂದವರೆಲ್ಲ ಕಟ್ಟಡಗಳ ಹೆಸರು ಹೇಳಿದರು.
ಸ್ಟೇಶನ್ ರೋಡಿನ ಬ್ಯಾಂಕು, ಹಳೇ ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆ,
ಈಗ ಇಲ್ಲದ ಒಂದು ಟಾಕೀಜು.
ಬಾಲ್ಕನಿಗೆ ನಡುವ ಒಂದೂ ಕಂಬ ಇರಲಿಲ್ಲ ನೋಡ್ರಿ, ಅಂದರು.
ನಾನು ಚಹಾ ಕೊಡುತ್ತ ಹೂಂ ಅಂದೆ.
ಕಂಬಗಳ ಬಗ್ಗೆ ಅಪ್ಪ ಮನೆಯಲ್ಲಿ ಮಾತಾಡಿದ್ದು ಕಡಿಮೆ.
ಕೇಳುತ್ತಿದ್ದದ್ದು,
ಹೆಸರುಕಾಳು ತೀರ್ಯಾವೇನು, ನಾಗೂನ ಜ್ವರ ಇಳೀತೇನು.

‘ದೇವೇಂದ್ರಪ್ಪ ಪತ್ತಾರ, ಆರ್ಕಿಟೆಕ್ಟ್’
ಬೋರ್ಡಿನ ಬಣ್ಣ ಕೊಪ್ಪೀಕರ ರೋಡಿನ ಬಿಸಿಲಿಗೆ ಹಾರಿ
ಕಡೆಗೆ ‘ಪತ್ತಾರ’ ಅಷ್ಟೇ ಉಳಿದಿತ್ತು.
ಜನ ಮೂಗುಬಟ್ಟು ಮಾಡಿಸಲು ಮೆಟ್ಟಿಲು ಹತ್ತಿ ಬರುತ್ತಿದ್ದರು.
ಬೈಯದೆ, ನೀರು ಕೊಟ್ಟು,
ತನ್ನ ಅಪ್ಪನ ಅಂಗಡಿಗೆ ದಾರಿ ಬರೆದು ಕೊಡುತ್ತಿದ್ದ
ಅಳತೆಗೆ ಸರಿಯಾಗಿ, ಉತ್ತರ ದಿಕ್ಕಿನ ಬಾಣ ಹಾಕಿ.

ಅವನ ನಕ್ಷೆಗಳ ಅಂಚು ನೋಡಬೇಕಿತ್ತು ನೀವು.
ತೊಲೆಯ ಲೆಕ್ಕ, ಅದರ ಕೆಳಗೆ ಬದನಿಕಾಯಿ,
ಅನಸೂಯಾಳ ಕನ್ನಡಕ,
ತಂಗಿ ಫೀ, ಶನಿವಾರ ಕಡೇ ದಿನ.

ನಮ್ಮ ಮನೆ ಕಟ್ಟುವಾಗ
ಅವ್ವನನ್ನು ಬರೀ ಪಾಯದ ಮೇಲೆ ನಿಲ್ಲಿಸಿ,
ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು
ರೊಟ್ಟಿ ಬಡಿದು ತೋರಿಸು ಅಂದನಂತೆ.
ಅವ್ವ ನಾಚುತ್ತ, ಗವಂಡಿಗಳ ಮುಂದೆ, ಗಾಳಿ ಬಡಿದಳಂತೆ.
ಒಂದು ಇಟ್ಟಿಗೆ ತೆಗೆಸಿದ.
‘ಪುಸ್ತಕದಾಗ ಕಟ್ಟೀ ಎತ್ತರ ಬ್ಯಾರೆ ಐತಿ.
ಪುಸ್ತಕಕ್ಕ ರೊಟ್ಟಿ ಬಡಿಯಾಕ ಬರೂದಿಲ್ಲ.’
ಮೂವತ್ತೊಂದು ವರ್ಷ ಅವ್ವನ ಭುಜ ನೋಯಲಿಲ್ಲ.
ನಾನು ಆ ಕಟ್ಟೆಗೆ ಬಗ್ಗಿ ಬಗ್ಗಿ ಬೆನ್ನು ಹಿಡಿಸಿಕೊಂಡಿದ್ದೇನೆ.
ಅದು ನನಗಾಗಿ ಕಟ್ಟಿದ್ದಲ್ಲ.

ಎರಡನೆಯ ವರ್ಷದ ಜ್ವರದ ಮೇಲೆ ನಾಗೂನ ಕಾಲು ಏಳಲಿಲ್ಲ.
ಅವತ್ತಿನಿಂದ ನಕ್ಷೆಯಲ್ಲಿ ಹೊಸ್ತಿಲು ಮಾಯ.
ಹೊಸ್ತಿಲಿಲ್ಲದ ಮನಿಗೆ ಲಕ್ಷ್ಮಿ ಹೆಂಗ ಬರ್ತಾಳೋ, ಎಂದು ಆಯಿ ಅತ್ತಳು.
ಅಜ್ಜ ಏನೂ ಅನ್ನಲಿಲ್ಲ.
ಕುಲುಮೆ ಹೊತ್ತಿಸಿ ಹಿತ್ತಾಳೆಯ ಒಂದು ಗೆರೆ ಬಡಿದು ತಂದ.
ನೆಲಕ್ಕೆ ನೆಲವಾಗಿ ಕೂರಿಸಿದರು ಅಪ್ಪ ಮಗ, ಮಾತಿಲ್ಲದೆ.
ಆಯಿ ದಿನಾ ಅದಕ್ಕೆ ಅರಿಷಿಣ ಹಚ್ಚಿದಳು.
ನಾಗೂನ ಗಾಡಿಯ ಗಾಲಿ ದಿನಾ ಅದನ್ನು ಒರೆಸಿತು.

ಆದರೆ ಈ ಊರಿನ ಎರಿಮಣ್ಣು!
ಬ್ಯಾಸಗಿಗೆ ಬಾಯಿ ಬಿಟ್ಟು, ಮುಂಗಾರಿಗೆ ಉಬ್ಬಿ
ಮೇಲೆ ಕುಂತ ಮನೆಯನ್ನು ಎತ್ತಿ ಇಳಿಸುವ ಮಣ್ಣು.
‘ನೆಲ ಉಸಿರಾಡತೈತಿ, ಬ್ಯಾಡನ್ನಾಕ ನಾವ್ಯಾರು’ ಅನ್ನುತ್ತಿದ್ದ.
ಎಷ್ಟು ಆಳಕ್ಕೆ ಇಳಿದು ಕಟ್ಟಿದರೂ ಅಡಿಗೆಮನೆಯ ಗೋಡೆ ಸೀಳಿತು,
ಅವ್ವ ಹೋದ ವರ್ಷವೇ.
ಮುಚ್ಚಲಿಲ್ಲ ಅವ. ಬಿರುಕಿಗೆ ಅಡ್ಡವಾಗಿ
ಹೆಬ್ಬೆರಳಗಲದ ಗಾಜಿನ ಪಟ್ಟಿ ಅಂಟಿಸಿ
ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದ.
ಗಾಜು ಒಡೆದರೆ ಬಿರುಕು ಇನ್ನೂ ನಡೆಯುತ್ತಿದೆ ಅಂತ.
ಮೂರು ಸಲ ಒಡೆಯಿತು. ಮೂರು ತಾರೀಖು.
ನಾಲ್ಕನೆಯದು ನಡುಗುವ ಕೈ ಬರೆದದ್ದು,
ಓದಲು ಬರುವುದಿಲ್ಲ.

ದಿನಕಾರ್ಯಕ್ಕೆ ಗವಂಡಿ ದಾವಲಸಾಬ ಬಂದ.
ಊಟಕ್ಕೆ ಕೂರುವ ಮೊದಲು ಅಡಿಗೆಮನೆಗೆ ಹೋಗಿ
ಗೋಡೆಗೆ ಅಂಗೈ ಇಟ್ಟ, ಗಬ್ಬದ ಆಕಳ ಹೊಟ್ಟೆ ನೋಡುವವರ ಹಾಗೆ.
‘ಗಾಜು ಗಟ್ಟಿ ಐತಿ ಯವ್ವಾ.’
ಅಷ್ಟೇ ಅಂದ. ಆಮೇಲೆ ಬಹಳ ಹೊತ್ತು
ಹೆಗಲ ವಸ್ತ್ರದಿಂದ ಮೂಗು ಒರೆಸಿಕೊಂಡ.

ಅದನ್ನ ಕಿತ್ತು ಬಣ್ಣ ಬಳಿಸೋಣ, ಅಂತಾರೆ ನಮ್ಮ ಮನೆಯವರು.
ಮಳಿ ಆಗಲಿ ತಡೀರಿ, ಅಂದೆ.
ನಿನ್ನೆ ರಾತ್ರಿ ಉಣಕಲ್ಲಿನ ಕಡೆಯಿಂದ ಬಂತು.
ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ನಡುವೆ
ಕೂದಲೆಳೆ.

ತಾರೀಖು ಎಷ್ಟೋ ನಾಗು ಇವತ್ತು?
ಪೆನ್ಸಿಲು ಹುಡುಕುತ್ತ
ನನ್ನ ಕೈ ನನ್ನ ಕಿವಿಯ ಹಿಂದೆ ಹೋಗಿದೆ.